ಮೂರು ಟ್ಯೂಬಿನ ಪ್ರೊಜೆಕ್ಟರ್ ಟಕ್ ಎಂದು ನಿಂತುಬಿಡುತ್ತದೆ

ಪ್ರಶ್ನೆ: ಅಪ್ಪ 90ರ ದಶಕದಲ್ಲಿ ವಿಡಿಯೋ ಪ್ರದರ್ಶನ ನಡೆಸುತ್ತಿದ್ದರು. ಆಗಿನ ಸಿಆರ್‌ಟಿ (ಹಳೆಯ ಟಿವಿಯಂಥ ಪಿಕ್ಚರ್ ಟ್ಯೂಬಿನ) ಪ್ರೊಜೆಕ್ಟರ್ ವರ್ಷಗಟ್ಟಲೆ ಹಿಂದಿನ ಕೋಣೆಯಲ್ಲಿ ಬಿದ್ದಿತ್ತು. ಹೋದ ತಿಂಗಳು ಆನ್ ಮಾಡಿದಾಗ ಚಿತ್ರ ಬಂತು, ಆದರೆ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ಕಡೆ. ಈಗ ಒಳಗಿನ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಟಕ್ ಎನ್ನುತ್ತದೆ, ಎರಡು ಸೆಕೆಂಡಿಗೆ ಆಫ್. ಕಂಟ್ರೋಲ್ ಬೋರ್ಡ್ ಸತ್ತಿದೆ, ಗುಜರಿಗೆ ಹಾಕಿ ಅಂದರು ಮೆಕ್ಯಾನಿಕ್. ನಿಜವೇ ಸಾರ್?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಗುಜರಿಯವನನ್ನು ಈಗಲೇ ಕರೆಯಬೇಡಿ. ಮೊದಲ ದಿನ ಚಿತ್ರ ಬಂದಿತ್ತಲ್ಲ, ಅಂದರೆ ಬೋರ್ಡಿನ ಪ್ರೊಸೆಸರ್ ಅಂದು ಜೀವಂತವಾಗಿತ್ತು. ಬಣ್ಣಗಳು ಚದುರಿದ್ದು ಅದರ ನೆನಪು ಅಳಿಸಿದ್ದಕ್ಕೆ ಇರಬೇಕು. ಆ ಕಾಲದ ಹಲವು ಮಾದರಿಗಳಲ್ಲಿ ಕನ್ವರ್ಜೆನ್ಸ್ (ಮೂರು ಬಣ್ಣಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಕೂರಿಸುವ) ಸೆಟ್ಟಿಂಗ್ ಉಳಿಯುತ್ತಿದ್ದುದು ಬೋರ್ಡಿಗೇ ಬೆಸುಗೆ ಹಾಕಿದ ಪುಟ್ಟ ಬ್ಯಾಟರಿಯ ಬಲದಿಂದ.

ಮುಚ್ಚಳ ತೆಗೆಯುವ ಮುನ್ನ ಒಂದು ಮಾತು. ಟ್ಯೂಬಿಗೆ ಹೋಗುವ ಈಎಚ್‌ಟಿ, ಅಂದರೆ ಅತಿ ಹೆಚ್ಚಿನ ವೋಲ್ಟೇಜ್, ಸುಮಾರು 30,000 ವೋಲ್ಟ್. ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರುತ್ತದೆ. ಪವರ್ ಸಪ್ಲೈನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್ ದಾಟಿ ಕೂತಿರಬಹುದು. ಹೀಗೆ ಉಳಿದ ವಿದ್ಯುತ್ತನ್ನು ಡಿಸ್‌ಚಾರ್ಜ್ ಮಾಡಿ (ಖಾಲಿ ಮಾಡಿ) ಗೊತ್ತಿಲ್ಲದಿದ್ದರೆ ಟಿವಿ ರಿಪೇರಿಯಲ್ಲಿ ಪಳಗಿದವರನ್ನು ಪಕ್ಕದಲ್ಲಿಟ್ಟುಕೊಳ್ಳಿ. ಒಬ್ಬರೇ ಕೈ ಹಾಕಲೇಬೇಡಿ.

ಬೋರ್ಡ್ ಹೊರಗೆ ಬಂದ ಕೂಡಲೇ ಬ್ಯಾಟರಿಯ ಸುತ್ತ ನೋಡಿ. ಅದು ನಿಕಲ್ ಕ್ಯಾಡ್ಮಿಯಂ ಆಗಿದ್ದರೆ ಇಷ್ಟು ವರ್ಷದಲ್ಲಿ ಸೋರಿರುವ ಸಂಭವವೇ ಹೆಚ್ಚು. ಬಿಳಿ ಅಥವಾ ಹಸಿರು ಹಿಟ್ಟು ಕಟ್ಟಿರುತ್ತದೆ. ಆ ಕ್ಷಾರ ತಾಮ್ರದ ಟ್ರ್ಯಾಕನ್ನು ಮೆಲ್ಲಗೆ ತಿನ್ನುತ್ತದೆ. ಮಲೆನಾಡಿನ ಮಳೆಗಾಲದ ತೇವ ಸೇರಿದರೆ ಕೇಳುವುದೇ ಬೇಡ. ಬ್ಯಾಟರಿ ತೆಗೆದು, ಕಲೆಯ ಮೇಲೆ ಸ್ವಲ್ಪ ಬಿಳಿ ವಿನೆಗರ್ ಹಚ್ಚಿ, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಪೂರ್ತಿ ಒಣಗಿಸಿ. ಆಮೇಲೆ ಒಂದೊಂದು ಟ್ರ್ಯಾಕಿಗೂ ಕಂಟಿನ್ಯುಟಿ, ಅಂದರೆ ಈ ತುದಿಯಿಂದ ಆ ತುದಿಗೆ ಕರೆಂಟ್ ಹಾಯುತ್ತದೆಯೇ ಎಂದು, ಮೀಟರಿನಲ್ಲಿ ನೋಡಿ. ಕಣ್ಣಿಗೆ ಸರಿ ಕಂಡದ್ದೂ ಒಳಗೆ ತುಂಡಾಗಿರಬಹುದು. ಆ ಜಾಗಕ್ಕೆ ಲಿಥಿಯಂ ಬಟನ್ ಸೆಲ್ ಅನ್ನು ನೇರವಾಗಿ ಹಾಕಬೇಡಿ. ಹಳೆಯ ಬ್ಯಾಟರಿಗೆ ಚಾರ್ಜಿಂಗ್ ಇತ್ತು, ಬಟನ್ ಸೆಲ್‌ಗೆ ಚಾರ್ಜ್ ಮಾಡಿದರೆ ಸಿಡಿಯಬಹುದು.

ಇನ್ನು ಟಕ್ ಎನ್ನುವ ರಿಲೇ. 5 ವೋಲ್ಟ್ ಸಪ್ಲೈಯನ್ನು ಅಳೆಯಬೇಕಾದದ್ದು ಪವರ್ ಸಪ್ಲೈ ಹತ್ತಿರವಲ್ಲ, ಬೋರ್ಡಿನ ಐಸಿ ಕಾಲಿನಲ್ಲಿ. ನಡುವಿನ ಕನೆಕ್ಟರಿಗೆ ಕಿಲುಬು ಹಿಡಿದಿದ್ದರೆ ಅಲ್ಲೇ ಅರ್ಧ ವೋಲ್ಟ್ ಕಳೆದುಹೋಗುತ್ತದೆ. 4.75ಕ್ಕಿಂತ ಕೆಳಗಿಳಿದರೆ ಪ್ರೊಸೆಸರ್ ಮತ್ತೆ ಮತ್ತೆ ರೀಸೆಟ್ ಆಗುತ್ತಿದೆ ಎಂದುಕೊಳ್ಳಿ. ಮೀಟರ್ ಸರಿಯಾದ 5 ತೋರಿಸಿದರೂ ಒಣಗಿದ ಕೆಪಾಸಿಟರಿನಿಂದ ರಿಪಲ್ (ವೋಲ್ಟೇಜಿನ ಏರಿಳಿತ) ಇರಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 105 ಡಿಗ್ರಿ ಬಿಸಿ ತಾಳುವ ಕೆಪಾಸಿಟರ್ ಸಿಗುತ್ತವೆ. ಸಪ್ಲೈ ದಾರಿಯಲ್ಲಿರುವುದನ್ನೆಲ್ಲ ಬದಲಿಸಿಬಿಡಿ, ಒಂದೊಂದೇ ಪರೀಕ್ಷಿಸುವಷ್ಟು ಬೆಲೆಯೇನಿಲ್ಲ.

ಇಷ್ಟಾದ ಮೇಲೂ ಪ್ರತಿ ಸಲ ಕರಾರುವಾಕ್ಕಾಗಿ ಅದೇ ಎರಡನೇ ಸೆಕೆಂಡಿಗೆ ನಿಂತರೆ ನನ್ನ ಅನುಮಾನ ಕಂಟ್ರೋಲ್ ಬೋರ್ಡಿನಿಂದ ಹೊರಗೆ ಹೋಗುತ್ತದೆ. ಡಿಫ್ಲೆಕ್ಷನ್ (ಕಿರಣವನ್ನು ಪರದೆ ತುಂಬ ಓಡಿಸುವ ಭಾಗ) ಓಡದಿದ್ದರೆ ಒಂದೇ ಚುಕ್ಕೆಗೆ ಕಿರಣ ಬಿದ್ದು ಟ್ಯೂಬಿನ ಫಾಸ್ಫರ್ (ಬೆಳಗುವ ಲೇಪ) ಸುಟ್ಟುಹೋಗುತ್ತದೆ. ಅದನ್ನು ತಡೆಯಲು ಪ್ರೊಟೆಕ್ಷನ್ ಸರ್ಕ್ಯೂಟ್ ಎಲ್ಲವನ್ನೂ ಆಫ್ ಮಾಡುತ್ತದೆ, ಬೈಗುಳ ಮಾತ್ರ ಕಂಟ್ರೋಲ್ ಬೋರ್ಡಿಗೆ. ಸಮಯ ಹೆಚ್ಚುಕಡಿಮೆ ಆಗುತ್ತಿದ್ದರೆ, ಕವಚ ತಟ್ಟಿದಾಗ ಬದಲಾದರೆ, ಡ್ರೈ ಸೋಲ್ಡರ್ (ಬಿಟ್ಟುಕೊಂಡ ಬೆಸುಗೆ) ಹುಡುಕಿ.

ಟ್ಯೂಬಿನ ಕೆಳಗೆ ಅಂಟಂಟು ದ್ರವ ಕಂಡರೆ ಅದು ಕೂಲಿಂಗ್‌ಗೆ ತುಂಬಿದ ಗ್ಲೈಕಾಲ್. ವಿಷ, ಮಕ್ಕಳಿಂದ ದೂರವಿಡಿ. ಬೋರ್ಡಿನ ಮೇಲೆ ತೊಟ್ಟಿಕ್ಕಿದ್ದರೆ ಅದೂ ಇಂಥದ್ದೇ ಆಟ ಆಡಿಸುತ್ತದೆ. ಗಾಜಿನ ಕಿಟಕಿಯಿರುವ ಮೆಮೊರಿ ಐಸಿ ಇದ್ದರೆ ಅದರ ಸ್ಟಿಕರ್ ಕೀಳಬೇಡಿ, ಬಿಸಿಲಿನ ಅತಿನೇರಳೆ ಬೆಳಕಿಗೆ ಒಳಗಿನ ಪ್ರೋಗ್ರಾಂ ಅಳಿಸಬಹುದು.

ಪ್ರಶ್ನೆ: ಪ್ರೊಜೆಕ್ಟರಿನ ಬಟನ್ ಕೆಲಸ ಮಾಡುತ್ತವೆ, ರಿಮೋಟ್ ಮಾತ್ರ ಇಲ್ಲ. ಬೋರ್ಡ್ ಬದಲಿಸಬೇಕೇ?

ಉತ್ತರ: ಬೇಡ. ರಿಮೋಟನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿ. ನೇರಳೆ ಮಿಣುಕು ಕಂಡರೆ ರಿಮೋಟ್ ಸರಿಯಿದೆ, ರಿಸೀವರ್ ಕಡೆ ನೋಡಿ. ಕಾಣದಿದ್ದರೆ ಸೆಲ್ ಬದಲಿಸಿ, ಬಟನ್ ಕೆಳಗಿನ ರಬ್ಬರ್ ಒರೆಸಿ.