ರಿಮೋಟ್ ಕೈಲಿದೆಯಲ್ಲ, ಇನ್ನೊಮ್ಮೆ ಕೇಳಿ

ಪ್ರಶ್ನೆ: ಮನೆಯವರೆಲ್ಲ ಕೂತು ‘ತಿಥಿ’ ಸಿನಿಮಾ ನೋಡಿದೆವು. ಅರ್ಧಕ್ಕೇ ಅತ್ತೆ ಎದ್ದು ಹೋದರು. ‘ಇದರಲ್ಲಿ ಕಥೆಯೇ ಇಲ್ಲ, ಎಲ್ಲರೂ ಸುಮ್ನೆ ಓಡಾಡ್ತಾರೆ’ ಅಂದರು. ನನಗೂ ಅರ್ಧ ಮಾತು ತಿಳಿಯಲಿಲ್ಲ. ಇದನ್ನು ಅಷ್ಟೊಂದು ಹೊಗಳುವುದು ಯಾಕೆ?
– ಓದುಗರೊಬ್ಬರು, ಸಾಗರ

ಉತ್ತರ: 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಇದಕ್ಕೆ ಪ್ರಶಸ್ತಿ ಬಂತು. ಅದನ್ನು ಬಿಡಿ, ನಿಮ್ಮ ಅತ್ತೆ ಅದಕ್ಕಾಗಿ ಸಿನಿಮಾ ನೋಡಬೇಕಿಲ್ಲ. ಕಥೆ ಇದೆ. ನೂರಾ ಒಂದು ವರ್ಷದ ಸೆಂಚುರಿ ಗೌಡ ಶುರುವಿನಲ್ಲೇ ತೀರಿಕೊಳ್ಳುತ್ತಾನೆ. ಹನ್ನೊಂದನೇ ದಿನಕ್ಕೆ ತಿಥಿ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ, ಬೀಡಿ ಸೇದಿಕೊಂಡು ಊರೂರು ತಿರುಗುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಬೇಕು. ಮರಿಮಗ ಅಭಿ ಕುರಿ ಕಾಯುವ ಹುಡುಗಿಯ ಹಿಂದೆ. ಒಂದೇ ಸಾವು ನಾಲ್ಕು ತಲೆಮಾರನ್ನು ಹೇಗೆ ಅಲ್ಲಾಡಿಸುತ್ತೆ, ಅಥವಾ ಅಲ್ಲಾಡಿಸೋದೇ ಇಲ್ಲ, ಅದೇ ಕಥೆ.

ಮಾತು ತಿಳಿಯಲಿಲ್ಲ ಅಂದಿರಲ್ಲ, ನನಗೂ ಥಿಯೇಟರಿನಲ್ಲಿ ಹಾಗೇ ಆಗಿತ್ತು. ನಟಿಸಿದವರು ಮಂಡ್ಯ ಕಡೆಯ ಹಳ್ಳಿಯ ಜನ, ಮೊದಲು ಕ್ಯಾಮೆರಾ ಮುಂದೆ ನಿಂತವರೇ ಅಲ್ಲ. ಅವರು ಡೈಲಾಗ್ ಒಪ್ಪಿಸುವುದಿಲ್ಲ, ಅರ್ಧ ನುಂಗುತ್ತಾರೆ, ಒಬ್ಬರು ಮುಗಿಸುವ ಮುಂಚೆ ಇನ್ನೊಬ್ಬರು ಶುರು ಮಾಡುತ್ತಾರೆ, ನಮ್ಮ ಮನೆಗಳಲ್ಲಿ ಮಾತಾಡುವ ಹಾಗೇ. ಮನೆಯಲ್ಲಿ ನೋಡುವಾಗ ನಾನು ಮೊದಲ ದೃಶ್ಯವನ್ನೇ ಮೂರು ಸಲ ಹಿಂದಕ್ಕೆ ಓಡಿಸಿ ಕೇಳಿದೆ. ಮುದುಕ ಕೂತಲ್ಲಿಂದಲೇ ಹೋಗಿ ಬರುವವರನ್ನೆಲ್ಲ ಬೈಯುತ್ತಾನೆ. ಮೂರನೇ ಸಲ ಗೊತ್ತಾಯಿತು, ಆ ಬೈಗುಳದಲ್ಲಿ ಸಿಟ್ಟಿಲ್ಲ, ಸಲುಗೆ ಇದೆ. ಊರಿನ ಎಲ್ಲರನ್ನೂ ಹುಟ್ಟಿದಾಗಿನಿಂದ ಕಂಡವನು ಮಾತ್ರ ಹಾಗೆ ಬೈಯಬಲ್ಲ. ಅತ್ತೆಯನ್ನು ಇನ್ನೊಮ್ಮೆ ಕೂರಿಸಿ. ಗಡ್ಡಪ್ಪ ಕುರಿ ಕಾಯುವವರ ಜೊತೆ ಕೂತು ತನ್ನ ಬದುಕಿನ ಕಥೆ ಹೇಳುವ ತನಕವಾದರೂ ನೋಡಲಿ. ಅಲ್ಲಿಯವರೆಗೆ ಅವನನ್ನು ಬೇಜವಾಬ್ದಾರಿ ಅಂದುಕೊಂಡಿದ್ದವರು ಅಲ್ಲಿ ಸುಮ್ಮನಾಗುತ್ತಾರೆ.

ಪ್ರಶ್ನೆ: ಸಿನಿಮಾದಾಗ ನಮ್ಮ ಕಡೆ ಭಾಷಾ ಬಂತಂದ್ರ ಬರೇ ನಗಸಾಕ ಬರ್ತದ. ನಮ್ಮ ಭಾಷಾದಾಗ ಯಾರೂ ಅಳೂದಿಲ್ಲೇನ್ರಿ? ಒಂದರ ಛಲೋ ಸಿನಿಮಾ ಹೇಳ್ರಿ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಉತ್ತರ ಕರ್ನಾಟಕದ ಮಾತು ಅಂದರೆ ಹೀರೋ ಪಕ್ಕ ನಿಂತವನ ಬಾಯಿಗೆ ಮಾತ್ರ ಅನ್ನುವ ಅಭ್ಯಾಸ ನಮ್ಮ ಸಿನಿಮಾಕ್ಕೆ ಎಷ್ಟೋ ವರ್ಷದಿಂದ ಅಂಟಿದೆ. ‘ಶಿವಮ್ಮ ಯರೇಹಂಚಿನಾಳ’ ನೋಡಿ. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು, ಇಲ್ಲಿ 2024ರಲ್ಲಿ ತೆರೆ ಕಂಡಿತು. ಕೊಪ್ಪಳ ಜಿಲ್ಲೆಯ ಹಳ್ಳಿ. ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವಮ್ಮ, ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಮದುವೆ ವಯಸ್ಸಿಗೆ ಬಂದ ಮಗಳು. ಯಾರೋ ಹೇಳಿದರೆಂದು ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಇಳಿಯುತ್ತಾಳೆ. ಶಕ್ತಿ ಬರುತ್ತದೆ ಎನ್ನುವ ಪುಡಿಯನ್ನು ಊರವರಿಗೆ ಮಾರುತ್ತಾಳೆ, ಗಂಡನಿಗೂ ಕಲಸಿ ಕುಡಿಸುತ್ತಾಳೆ. ಅವಳಿಗೆ ಅದರ ಮೇಲೆ ನಂಬಿಕೆ ಇದೆ, ಅದೇ ಕರುಳು ಹಿಂಡುತ್ತದೆ. ಶರಣಮ್ಮ ಚೆಟ್ಟಿ ಆ ಪಾತ್ರ ಮಾಡಿದ್ದಾರೆ. ಗ್ಲಾಸು ಎತ್ತಿ ‘ಕುಡೀರಿ’ ಅನ್ನುವವಳ ಕಣ್ಣು ನೋಡಿ, ನಮ್ಮ ಓಣಿಯಲ್ಲೇ ಇಂಥ ಒಬ್ಬರು ಇದ್ದಾರೆ ಅನ್ನಿಸುತ್ತದೆ. ಇಲ್ಲಿ ಭಾಷೆ ನಗಿಸಲು ಬಂದಿಲ್ಲ, ಬದುಕಲು ಬಂದಿದೆ.

ಪ್ರಶ್ನೆ: ಮನೆಯಲ್ಲೇ ನೋಡಿದರೆ ಕನ್ನಡ ಸಿನಿಮಾಕ್ಕೆ ಮೋಸ ಮಾಡಿದ ಹಾಗಲ್ವಾ?
– ಓದುಗರೊಬ್ಬರು, ತುಮಕೂರು

ಉತ್ತರ: ಅಲ್ಲ. ಊರಲ್ಲಿ ಥಿಯೇಟರ್ ಇದ್ದರೆ, ಕೈಲಿ ಕಾಸಿದ್ದರೆ ಖಂಡಿತ ಹೋಗಿ. ಆದರೆ ‘ದಿಯಾ’ ನೆನಪಿಸಿಕೊಳ್ಳಿ. 2020ರ ಫೆಬ್ರುವರಿಯಲ್ಲಿ ಬಂತು, ಮುಂದಿನ ತಿಂಗಳೇ ಥಿಯೇಟರುಗಳು ಮುಚ್ಚಿದವು. ಲಾಕ್‌ಡೌನಿನಲ್ಲಿ ಜನ ಮನೆಯಲ್ಲಿ ನೋಡಿ ಒಬ್ಬರಿಗೊಬ್ಬರು ಹೇಳಿದ್ದರಿಂದಲೇ ಅದು ಬದುಕಿತು.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಕನ್ನಡ ಅರ್ಥವಾಗುತ್ತೆ, ಮಾತಾಡಲು ನಾಚಿಕೆ. ಏನು ತೋರಿಸಲಿ?
– ತಾಯಿಯೊಬ್ಬರು, ದುಬೈ

ಉತ್ತರ: ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. 2018ರದ್ದು, ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂದಿದೆ. ಕೇರಳದ ಗಡಿಯೊಳಗೆ ಕನ್ನಡ ಶಾಲೆ ಉಳಿಸಿಕೊಳ್ಳಲು ಒದ್ದಾಡುವ ಮಕ್ಕಳು. ಬೇರೆ ಭಾಷೆಯ ನಡುವೆ ಕನ್ನಡ ಇಟ್ಟುಕೊಳ್ಳುವುದು ಏನೆಂದು ನಿಮ್ಮ ಮಗಳಿಗೆ ನಾವು ಹೇಳಬೇಕಾಗಿಲ್ಲ, ಅವಳೇ ಕಂಡುಕೊಳ್ಳುತ್ತಾಳೆ. ಕೊನೆಯ ಕೋರ್ಟಿನ ಭಾಷಣ ನನಗೆ ಜಾಸ್ತಿ ಉದ್ದ ಅನ್ನಿಸಿತು. ಆದರೆ ಕರಾವಳಿ ಕಡೆಯ ಆ ರಾಗದ ಮಾತು ಮಕ್ಕಳಿಗೆ ಬೇಗ ಹತ್ತುತ್ತದೆ. ಅವಳು ಒಂದು ಸಾಲು ಅನುಕರಿಸಿದರೆ ತಿದ್ದಬೇಡಿ.

ಪ್ರಶ್ನೆ: ಅಮ್ಮ ಡಬ್ಬಿಂಗ್ ಸೀರಿಯಲ್‌ಗಳನ್ನೇ ನೋಡುತ್ತಾರೆ. ಬಿಡಿಸುವುದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಬಿಡಿಸಬೇಡಿ. 2020ರಲ್ಲಿ ಶೂಟಿಂಗ್ ನಿಂತಾಗ ಸುವರ್ಣದಲ್ಲಿ ‘ಮಹಾಭಾರತ’ ಕನ್ನಡಕ್ಕೆ ಡಬ್ ಆಗಿ ಬಂತು. ನಮ್ಮಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಅದುವರೆಗೆ ಹಿಂದಿಯಲ್ಲಿ ಬರುತ್ತಿದ್ದ ಪುರಾಣದ ಸೀರಿಯಲ್‌ಗಳನ್ನು ಮುಖ ನೋಡಿ ಊಹಿಸುತ್ತಿದ್ದವರು ಅವರು. ಡಬ್ಬಿಂಗಿನ ಕನ್ನಡ ಯಾವ ಊರಿನದೂ ಅಲ್ಲ ಅನ್ನುವುದು ನನ್ನ ದೂರು, ಈಗಲೂ ಇದೆ. ಆದರೆ ಆ ಸಂಜೆಗಳಲ್ಲಿ ನಾನು ಏನಾದರೂ ಕೇಳಲು ಹೋದರೆ ಅಮ್ಮ ಟಿವಿಯಿಂದ ಕಣ್ಣು ತೆಗೆಯದೆ, ‘ಶಕುನಿ ಮಾತಾಡ್ತಿದ್ದಾನೆ, ಸುಮ್ನಿರು’ ಅನ್ನುತ್ತಿದ್ದರು.