ಮೆಣಸಿನ ನೀರು ನೋಡಿದ ಬಟ್ಟೆ ವ್ಯಾಪಾರಿ

ಸೋಮವಾರಪೇಟೆ ಕಡೆಯ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಖಾರವಾಗಿಯೇ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿ ಸೂಕ್ಷ್ಮದರ್ಶಕದಿಂದ ಹೆಸರಾದ ಆಂಟನಿ ವಾನ್ ಲೀವೆನ್‌ಹುಕ್‌ನನ್ನು ನಾವು 'ದೊಡ್ಡ ವಿಜ್ಞಾನಿ' ಎಂದದ್ದು ಅವರಿಗೆ ಹಿಡಿಸಿಲ್ಲ. "ಆತ ಬಟ್ಟೆ ವ್ಯಾಪಾರಿ. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಸೂಕ್ಷ್ಮದರ್ಶಕದ ಪುಸ್ತಕವನ್ನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಮೊದಲೇ ಬರೆದಿದ್ದ. ನಾನೂ ದಿನಾ ಅಂಗಳದ ಮಳೆ ಅಳೆದು ಬರೆದಿಡ್ತೀನಿ, ಹಾಗಂತ ನಾನೂ ವಿಜ್ಞಾನಿಯಾ?" ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಿಮ್ಮ ಮಾತಲ್ಲಿ ಹುರುಳಿಲ್ಲ ಅನ್ನಲಾರೆ. ಹುಕ್‌ನ ಪುಸ್ತಕ 1665ರಲ್ಲೇ ಬಂತು. ಜೀವಕೋಶಕ್ಕೆ 'ಸೆಲ್' ಅನ್ನೋ ಹೆಸರು ಕೊಟ್ಟವನೂ ಅವನೇ. ಲೀವೆನ್‌ಹುಕ್ ತನ್ನ ಒಳ್ಳೊಳ್ಳೆ ಮಸೂರಗಳ ಗುಟ್ಟನ್ನು ಸಾಯೋವರೆಗೂ ಬಿಟ್ಟುಕೊಡಲಿಲ್ಲ, ಅದೇನೂ ಹೊಗಳುವ ಗುಣವಲ್ಲ. ಒಪ್ಪಿದೆ. ಈಗ ನನ್ನದು ಸ್ವಲ್ಪ ಕೇಳಿ.

1632ರಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಹುಟ್ಟಿದವನು. ಅಪ್ಪ ಬುಟ್ಟಿ ಹೆಣೆಯುತ್ತಿದ್ದ. ಹುಡುಗ 16ಕ್ಕೆ ಆಮ್‌ಸ್ಟರ್‌ಡಾಮಿನ ಬಟ್ಟೆ ವ್ಯಾಪಾರಿ ಹತ್ತಿರ ಕೆಲಸ ಕಲಿಯಲು ಹೋದ. ನೂಲಿನ ಎಳೆ ಪರೀಕ್ಷಿಸಲು ಬಟ್ಟೆಯವರ ಕೈಯಲ್ಲಿ ಭೂತಗನ್ನಡಿ ಇರುತ್ತಿದ್ದ ಕಾಲ ಅದು. ಆಮೇಲೆ ತಾನೇ ಮಸೂರ ಉಜ್ಜಿದ. ಒಂದೆರಡಲ್ಲ, 500ಕ್ಕೂ ಜಾಸ್ತಿ. ಅವನ ಸೂಕ್ಷ್ಮದರ್ಶಕ ಅಂದರೆ ಶಾಲೆಯ ಲ್ಯಾಬಿನ ಉದ್ದ ಕೊಳವೆ ನೆನೆಸಿಕೊಳ್ಳಬೇಡಿ. ಹಿತ್ತಾಳೆಯ ಎರಡು ಪುಟ್ಟ ತಗಡು, ನಡುವೆ ಕಾಳಿನಷ್ಟು ಮಸೂರ, ಮುಂದೆ ಒಂದು ಸೂಜಿ. ನೋಡಬೇಕಾದ್ದನ್ನು ಸೂಜಿಗೆ ಸಿಕ್ಕಿಸಿ, ತಿರುಪು ತಿರುಗಿಸಿ, ಕಣ್ಣಿಗೆ ಒತ್ತಿಹಿಡಿದು ಬೆಳಕಿನ ಕಡೆ ತಿರುಗಬೇಕು. ಈಗಲೂ ಉಳಿದಿರುವ ಒಂದು ಸುಮಾರು 270 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ.

ಮೆಣಸಿನ ವಿಷಯ ನಮ್ಮ ಮಕ್ಕಳ ಪುಟದಲ್ಲಿ ಬಿಟ್ಟುಹೋಗಿತ್ತು. ಕೊಡಗಿನ ಪತ್ರಿಕೆಗೆ ಇದು ನಾಚಿಕೆಗೇಡು. ಮೆಣಸು ಯಾಕೆ ಖಾರ ಅಂತ ಅವನಿಗೆ ತಲೆಬಿಸಿ. ಕಾಳಿನೊಳಗೆ ಮುಳ್ಳಿನಂಥ ಚೂರುಗಳಿದ್ದು ನಾಲಿಗೆ ಚುಚ್ಚುತ್ತವೇನೋ ಎಂದು ಊಹಿಸಿದ್ದ. 1676ರಲ್ಲಿ ಕಾಳುಮೆಣಸು ನೆನೆಹಾಕಿದ. ನೀರು ಆರಿದಾಗ ಹಿಮ ಕರಗಿದ ನೀರು ಸೇರಿಸಿದ. ಸುಮಾರು ಮೂರು ವಾರ ಕಳೆದು ಒಂದು ಹನಿ ತೆಗೆದು ನೋಡಿದರೆ ಮುಳ್ಳೂ ಇಲ್ಲ, ಮಣ್ಣೂ ಇಲ್ಲ. ಲೆಕ್ಕವಿಲ್ಲದಷ್ಟು ಪುಟಾಣಿ ಜೀವಿಗಳು ಈಜಾಡುತ್ತಿವೆ! ಅದರಲ್ಲಿ ಬ್ಯಾಕ್ಟೀರಿಯಾಗಳೂ ಇದ್ದವು. ಊಹೆ ಪೂರಾ ತಪ್ಪು, ಸಿಕ್ಕಿದ್ದು ಹೊಸ ಲೋಕ.

ಇದನ್ನು ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಗೆ ಬರೆದರೆ ಅವರು ನಂಬಲಿಲ್ಲ. ಪಾದ್ರಿ, ನೋಟರಿ ಎಲ್ಲ ಸೇರಿ ಎಂಟು ಜನರಿಗೆ ಆತ ತೋರಿಸಿ ಸಾಕ್ಷಿಪತ್ರ ಕಳಿಸಿದ. ಕೊನೆಗೆ 1677ರ ನವೆಂಬರಿನಲ್ಲಿ ಮೆಣಸಿನ ನೀರು ನೆನೆಹಾಕಿ, ಹೌದು ಇವೆ ಎಂದು ಸಭೆಗೆ ತೋರಿಸಿದವನು ಯಾರು ಗೊತ್ತಾ? ನಿಮ್ಮ ರಾಬರ್ಟ್ ಹುಕ್! ನೀವು ಇವರಿಬ್ಬರಿಗೆ ಜಗಳ ಹಚ್ಚುತ್ತಿದ್ದೀರಿ, ಅವರು ಒಂದೇ ಲೋಟದ ನೀರು ನೋಡಿದವರು. 1680ರಲ್ಲಿ ಸೊಸೈಟಿ ಲೀವೆನ್‌ಹುಕ್‌ನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು.

ಕಾಫಿಯನ್ನೂ ಬಿಡಲಿಲ್ಲ ಪುಣ್ಯಾತ್ಮ. ಬೀಜ ಹುರಿದು, ಸೀಳಿ, ಒಳಗಿನ ಸ್ಪಂಜಿನಂಥ ರಚನೆ ನೋಡಿ, ಹಿಂಡಿ ಎಣ್ಣೆ ತೆಗೆದ. ಒಮ್ಮೆ ತನ್ನ ಮುಂದಿನ ಹಲ್ಲಿನ ಪಾಚಿಯಲ್ಲಿ ಜೀವಿಗಳು ಕಾಣದೆ ಹೋದಾಗ, ಬೆಳಿಗ್ಗೆ ಕುಡಿಯುವ ಬಿಸಿಬಿಸಿ ಕಾಫಿಗೆ ಸತ್ತಿರಬೇಕು ಎಂದು ದವಡೆ ಹಲ್ಲಿನಿಂದ ತೆಗೆದು ನೋಡಿದ. ಅಲ್ಲಿದ್ದವು.

ಇಷ್ಟನ್ನೂ ಅವನು ಬರೆದದ್ದು ಡಚ್‌ನಲ್ಲಿ, ಅಂಗಡಿಯಲ್ಲಿ ಆಡುವ ಮಾತಿನಲ್ಲಿ. ಪಂಡಿತರ ಲ್ಯಾಟಿನ್ ಬರುತ್ತಿರಲಿಲ್ಲ. ಬೇಕಾದವರು ಅನುವಾದ ಮಾಡಿಕೊಂಡರು. ನನ್ನ ಹೊಟ್ಟೆಯುರಿ ಇರೋದು ಇಲ್ಲೇ. ಕೆಲವು ವರ್ಷದ ಹಿಂದೆ ಬೆಳೆಗಾರರೊಬ್ಬರ ಮಳೆ ಡೈರಿಗಳನ್ನು ಹಿಡಿದು ಒಂದು ಕಚೇರಿಗೆ ಹೋಗಿದ್ದೆ. ದಿನದಿನದ ಮಳೆ, ಇಂಚು ಸೆಂಟಿನ ಲೆಕ್ಕದಲ್ಲಿ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು). ಪಕ್ಕದಲ್ಲಿ ಪೆನ್ಸಿಲಿನಲ್ಲಿ: 'ಹೂಮಳೆ ಸಾಲದು', 'ತೋಡಿನ ಬದಿ ಬಳ್ಳಿ ಸೊರಗಿತು, ಮೇಲಿನವು ಚೆನ್ನಾಗಿವೆ'. ಮೆಣಸಿನ ಸೊರಗು ರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಕೂಡ ಬರಿಗಣ್ಣಿಗೆ ಕಾಣದ್ದೇ, ನಿಂತ ನೀರಲ್ಲಿ ಈಜಿಕೊಂಡೇ ಬೇರಿಗೆ ಹೋಗುವಂಥದ್ದು. ಆ ಪೆನ್ಸಿಲ್ ಸಾಲಿಗೆ ಬೆಲೆ ಇಲ್ವಾ? ಮೇಜಿನ ಹಿಂದಿನವರು ನಾಲ್ಕು ಹಾಳೆ ಮಗುಚಿ, "ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ತನ್ನಿ" ಅಂದರು. ಡೈರಿ ಬರೆದವರು ಈಗಿಲ್ಲ. ಮನೆಯವರು ಹಳೇ ಪೇಪರಿನ ಜೊತೆ ಅವನ್ನೂ ತೂಕಕ್ಕೆ ಹಾಕಿದರಂತೆ.

ಅದಕ್ಕೇ ಮೇಷ್ಟ್ರೇ, ನಿಮ್ಮ ಪತ್ರದ ಕೊನೆ ಸಾಲಿಗೆ ನನ್ನ ಉತ್ತರ: ಹೌದು. ಡೈರಿ ಕೊಡಿ, ಇಂಚು ಸೆಂಟಿನಲ್ಲೇ ಅಚ್ಚು ಹಾಕುತ್ತೇನೆ. ಬರುವಾಗ ನಿಮ್ಮ ಶಾಲೆಯ ಸೂಕ್ಷ್ಮದರ್ಶಕವನ್ನೂ ಎರಡು ದಿನಕ್ಕೆ ಕೇಳಿ ತನ್ನಿ. ನಾನು ಮೆಣಸು ನೆನೆಹಾಕಿ ಇಂದಿಗೆ 19 ದಿನ. ವಾಸನೆಗೆ ಮನೆಯಾಕೆ ಲೋಟವನ್ನು ಆಗಲೇ ಕಟ್ಟಿಗೆ ಕೊಟ್ಟಿಗೆಗೆ ಸಾಗಿಸಿದ್ದಾಳೆ.