ಸಂಪಾದಕರ ಉತ್ತರ: ಶೇಷ 1 ಬಂದ್ರೆ ಅವಿಭಾಜ್ಯ ಆಗಿಬಿಡಲ್ಲ ಮಾರಾಯ್ರೆ

ನಮಸ್ಕಾರ. ಶಿವಮೊಗ್ಗದ ಅಡಿಕೆ ಮಂಡೀಲಿ ಲೆಕ್ಕ ಬರೆಯೋ ನೀವು ಊರಿನ ಪಿನ್‌ಕೋಡ್ 577201ನ್ನ ಹಿಡ್ಕೊಂಡು 2, 3, 5, 13ರಿಂದ ಭಾಗಿಸಿ ನೋಡಿದೀರಿ, ಪ್ರತಿ ಸಲ ಶೇಷ 1, 7ಕ್ಕೂ 11ಕ್ಕೂ ಹೋಗ್ಲಿಲ್ಲ, ಹಾಗಾಗಿ ಇದು ಅವಿಭಾಜ್ಯ ಸಂಖ್ಯೆನೇ (1 ಮತ್ತು ತನ್ನನ್ನ ಬಿಟ್ಟು ಬೇರೆ ಯಾವುದಕ್ಕೂ ಹೋಗದ್ದು) ಅಂತೀರಿ, ಪಿಯುಸಿ ಓದೋ ಮಗಳು ಮಾತ್ರ "ಅಪ್ಪಾ, ಅಷ್ಟಕ್ಕೇ ಹೇಳೋಕಾಗಲ್ಲ" ಅಂತ ಜಗಳ ತೆಗೆದಿದಾಳಂತೆ. ನನ್ನ ವೋಟು ಮಗಳಿಗೆ.

ಶೇಷ 1 ಯಾಕೆ ಬರ್ತಿತ್ತು ಅಂದ್ರೆ ಪಕ್ಕದ ಮನೆ 577200 ಇದೆಯಲ್ಲ, ಅದು 16 × 3 × 25 × 13 × 37. ಅದನ್ನ ಭಾಗಿಸೋ ಯಾವ ಸಂಖ್ಯೆ ಹಿಡಿದ್ರೂ ಇಲ್ಲಿ 1 ಉಳಿದೇ ಉಳಿಯುತ್ತೆ, ಬೇಕಾದ್ರೆ 37 ಹಾಕಿ ನೋಡಿ. ಆದ್ರೆ ಅದರಿಂದ ಗೊತ್ತಾಗೋದು ಆ ಸಂಖ್ಯೆಗಳು ಇದರ ಅಪವರ್ತನ ಅಲ್ಲ ಅಂತ ಅಷ್ಟೇ, ಬೇರೆ ಯಾವುದೂ ಇಲ್ಲ ಅಂತಲ್ಲ. 2, 3, 5, 7, 11, 13 ಎಲ್ಲಾ ಗುಣಿಸಿ 1 ಕೂಡಿದ್ರೆ 30031, ಈ ಆರರಲ್ಲಿ ಯಾವುದರಿಂದ ಭಾಗಿಸಿದ್ರೂ ಶೇಷ 1, ಆದ್ರೂ ಅದು 59 × 509. ಹಳೇ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಇದೇ ಥರ ಗುಣಿಸಿ ಒಂದು ಕೂಡಿ ಅವಿಭಾಜ್ಯಗಳಿಗೆ ಕೊನೆಯೇ ಇಲ್ಲ ಅಂತ ತೋರಿಸಿದ್ದು, ಅವನೂ ಹೊಸ ಸಂಖ್ಯೆ ಅವಿಭಾಜ್ಯವೇ ಅಂದಿಲ್ಲ, ಅದು ಅಥವಾ ಅದರೊಳಗಿರೋ ಇನ್ನೊಂದು ಹೊಸ ಅವಿಭಾಜ್ಯ ಅಂದ.

ಹಾಗಾದ್ರೆ ಎಲ್ಲೀವರೆಗೆ ನೋಡ್ಬೇಕು? ವರ್ಗಮೂಲದ ತನಕ, ಯಾಕಂದ್ರೆ ಗುಣಿಸೋ ಎರಡೂ ಸಂಖ್ಯೆ ಅದಕ್ಕಿಂತ ದೊಡ್ಡದಾದ್ರೆ ಗುಣಲಬ್ಧ ನಮ್ಮ ಸಂಖ್ಯೆನ ದಾಟಿಬಿಡುತ್ತೆ. 760ರ ವರ್ಗ 577600, ಅಲ್ಲಿಗೆ ನಮ್ಮ ಸಂಖ್ಯೆ ದಾಟಿತು, ಅಂದ್ರೆ 757ರ ತನಕ ಒಟ್ಟು 134 ಅವಿಭಾಜ್ಯ ಪರೀಕ್ಷೆ ಮಾಡ್ಬೇಕಾಗ್ಬಹುದು. ನೀವು ಆರಕ್ಕೇ ಪುಸ್ತಕ ಮುಚ್ಚಿದ್ರಿ, ತಮಾಷೆ ಅಂದ್ರೆ ಏಳನೆಯದರಲ್ಲೇ ಸಿಕ್ಕಿಬೀಳ್ತಿತ್ತು!

17ಕ್ಕೆ ಹೋಗುತ್ತಾ ನೋಡೋಕೆ ಕ್ಯಾಲ್ಕುಲೇಟರೂ ಬೇಡ. ಕೊನೇ ಅಂಕಿ ತೆಗೆದು ಅದರ ಐದರಷ್ಟನ್ನ ಉಳಿದಿದ್ದರಿಂದ ಕಳೀತಾ ಹೋಗಿ: 57720ರಲ್ಲಿ 5 ಹೋದ್ರೆ 57715, ಆಮೇಲೆ 5771ರಲ್ಲಿ 25 ಹೋಗಿ 5746, 574ರಲ್ಲಿ 30 ಹೋಗಿ 544, 54ರಲ್ಲಿ 20 ಹೋಗಿ 34. ಹದಿನೇಳೆರಡ್ಲೆ ಮೂವತ್ನಾಲ್ಕು, ಮುಗೀತು. (ಹದಿನೇಳ್ಮೂರ್ಲೆ ಐವತ್ತೊಂದು ಆಗೋದ್ರಿಂದ ಇದು ನಡೆಯುತ್ತೆ, ಮಗಳಿಗೆ ಇಷ್ಟು ಹೇಳಿ, ಉಳಿದಿದ್ದು ಅವಳೇ ಬಿಡಿಸ್ತಾಳೆ.) 19ಕ್ಕೆ ಕೊನೇ ಅಂಕಿಯ ಎರಡರಷ್ಟು ಕೂಡೋದು: 57722, 5776, 589, 76. ಇದೂ ಹೋಯ್ತು!

ಹಾಗಾಗಿ 577201 = 17 × 19 × 1787. ಈ 1787 ಮಾತ್ರ ಅಸಲಿ ಅವಿಭಾಜ್ಯ, 41ರ ತನಕ ಹದಿಮೂರೇ ಪರೀಕ್ಷೆ, ಒಂದು ಕಾಫಿ ಕುಡಿಯೋಷ್ಟರಲ್ಲಿ ಆಗುತ್ತೆ.

ಸಾಗರದ 577401 ಬಗ್ಗೆನೂ ಕೇಳಿದ್ರಿ. ಅಂಕಿ ಕೂಡಿದ್ರೆ 24, ಅಲ್ಲಿಗೆ 3ಕ್ಕೆ ಬಿತ್ತು, 11ಕ್ಕೂ ಹೋಗುತ್ತೆ, ಉಳಿಯೋದು 17497. ಅದು ಅವಿಭಾಜ್ಯನೇ, ಆದ್ರೆ ನನ್ನ ಮಾತು ನಂಬ್ಬೇಡಿ, 131ರ ತನಕ ನೀವಿಬ್ಬರೂ ಕೂತು ಪರೀಕ್ಷೆ ಮಾಡಿ.